ಪಾಯಿಂಟರ್ ಕಲಿಯಲು ನಾನು ಫಂಕ್ಷನ್‌ನಿಂದ ಶುರು ಮಾಡಿದೆ

ಸಿ ಎಂಬ ಪ್ರೋಗ್ರಾಮಿಂಗ್ ಭಾಷೆ ಕಲಿಯುವವರೆಲ್ಲ ಶುರುವಿನಲ್ಲೇ, ಕೀಬೋರ್ಡ್‌ನಿಂದ ಬೆಲೆ ಓದಿಕೊಳ್ಳುವ ಸ್ಕ್ಯಾನ್‌ಎಫ್ ಬರೆಯುತ್ತಾರೆ. ಒಂದು ಪೂರ್ಣಾಂಕ ಓದಿಕೊಳ್ಳಬೇಕಾದರೆ ವೇರಿಯಬಲ್ ಹೆಸರಿಗೆ ಮೊದಲು & ಹಾಕಬೇಕು. ಒಂದು ಪದವನ್ನು ಕ್ಯಾರೆಕ್ಟರ್ ಅರೇಗೆ (ಸಾಲಾಗಿ ಜೋಡಿಸಿದ ಅಕ್ಷರಗಳ ಜಾಗಕ್ಕೆ) ಓದಿಕೊಳ್ಳುವಾಗ ಮಾತ್ರ & ಬೇಡ. ಯಾಕೆ ಎಂದು ಕೇಳಿದರೆ ‘ಸದ್ಯಕ್ಕೆ ಹಾಗೇ ಬರೆಯಿರಿ, ಪಾಯಿಂಟರ್ ಬಂದಾಗ ತಿಳಿಯುತ್ತದೆ’ ಎನ್ನುತ್ತಾರೆ. ನನಗೂ ಸಿಕ್ಕಿದ್ದು ಅದೇ ಉತ್ತರ. ಆ ಪ್ರಶ್ನೆಯನ್ನು ನಾನು ಬಿಡಲಿಲ್ಲ. ಅದರ ಬೆನ್ನು ಹತ್ತಿದ್ದರಿಂದಲೇ ಪಾಯಿಂಟರ್, ಅರೇ, ಫಂಕ್ಷನ್ ಮೂರೂ ಒಂದೇ ಎಳೆಯಲ್ಲಿ ಬಿಡಿಸಿಕೊಂಡವು.

ಸಾಮಾನ್ಯವಾಗಿ ಅರೇ ಮೊದಲು, ಆಮೇಲೆ ಫಂಕ್ಷನ್, ಅದಾದ ಮೇಲೆ ಪಾಯಿಂಟರ್ ಎಂಬ ಕ್ರಮದಲ್ಲಿ ಪಾಠ ನಡೆಯುತ್ತದೆ. ಪಾಯಿಂಟರ್ ಪಾಠದ ಮೊದಲ ಉದಾಹರಣೆ ಎಲ್ಲ ಕಡೆಯೂ ಒಂದೇ: ಎ ಎಂಬ ವೇರಿಯಬಲ್, ಅದರ ಅಡ್ರೆಸ್ (ಮೆಮೊರಿಯಲ್ಲಿ ಅದು ಇರುವ ಜಾಗದ ಸಂಖ್ಯೆ) ಇಟ್ಟುಕೊಂಡ ಪಾಯಿಂಟರ್ ಪಿ, *ಪಿ ಎಂದರೆ ಎ ಒಳಗಿನ ಬೆಲೆ. ಇದರಲ್ಲಿ ತಿಳಿಯದ್ದೇನೂ ಇಲ್ಲ. ಆದರೆ ನೇರವಾಗಿ ಎ ಎಂದು ಬರೆದರೆ ಸಾಕಾಗುವ ಕಡೆ ಪಿ ಮೂಲಕ ಯಾಕೆ ಸುತ್ತಿಕೊಂಡು ಹೋಗಬೇಕು ಎಂಬುದಕ್ಕೆ ಆ ಉದಾಹರಣೆಯಲ್ಲಿ ಉತ್ತರವಿಲ್ಲ. ಎ ಎಂಬ ಹೆಸರು ಕಣ್ಣಿಗೆ ಕಾಣದ ಜಾಗವೊಂದಿದೆ, ಅದು ಇನ್ನೊಂದು ಫಂಕ್ಷನ್‌ನ ಒಳಗೆ. ಪಾಯಿಂಟರ್ ಬೇಕಾಗುವುದು ಅಲ್ಲಿ. ಹಾಗಾಗಿ ನಾನು ಫಂಕ್ಷನ್‌ಗೆ ಹಿಂತಿರುಗಿ, ಅಲ್ಲಿಂದ ಪಾಯಿಂಟರ್‌ಗೆ ಬಂದೆ. ಹೊಸಬರಿಗೆ ಇವತ್ತಿಗೂ ನಾನು ಹೇಳುವುದು ಇದೇ ದಾರಿ.

ಎರಡು ಸಂಖ್ಯೆಗಳನ್ನು ಅದಲುಬದಲು ಮಾಡುವ ಫಂಕ್ಷನ್ ಎಲ್ಲರಿಗೂ ಗೊತ್ತಿರುವುದೇ. ಪ್ರೋಗ್ರಾಂ ಶುರುವಾಗುವ ಮೇನ್ ಫಂಕ್ಷನ್‌ನಲ್ಲಿ ಎ 5, ಬಿ 9. ಇವನ್ನು ಎಕ್ಸ್, ವೈ ಎಂಬ ಹೆಸರಲ್ಲಿ ತೆಗೆದುಕೊಳ್ಳುವ ಫಂಕ್ಷನ್ ಒಳಗೆ ಅದಲುಬದಲು ಮಾಡಿದರೆ ಮೇನ್‌ನಲ್ಲಿ ಏನೂ ಬದಲಾಗುವುದಿಲ್ಲ. ‘ಸಿ ಬೆಲೆಯನ್ನು ಕಾಪಿ ಮಾಡಿ ಕೊಡುತ್ತದೆ’ ಎಂಬ ವಾಕ್ಯವನ್ನು ಬಾಯಿಪಾಠ ಮಾಡುವ ಬದಲು ಅಡ್ರೆಸ್‌ಗಳನ್ನು ಪ್ರಿಂಟ್ ಮಾಡಿ ನೋಡಿದೆ. ಪ್ರಿಂಟ್‌ಎಫ್‌ನಲ್ಲಿ ಶೇಕಡಾ ಚಿಹ್ನೆಯ ಪಕ್ಕ ‘ಪಿ’ ಅಕ್ಷರ ಬರೆದರೆ ಅಡ್ರೆಸ್ ಅಚ್ಚಾಗುತ್ತದೆ (ವಾಯ್ಡ್ ಪಾಯಿಂಟರ್‌ಗೆ, ಅಂದರೆ ಟೈಪ್ ಹೇಳದ ಪಾಯಿಂಟರ್‌ಗೆ, ಕಾಸ್ಟ್ ಮಾಡಿ ಕೊಡುವುದು ಸರಿಯಾದ ಕ್ರಮ). ಮೇನ್‌ನಲ್ಲಿ &ಎ, ಫಂಕ್ಷನ್ ಒಳಗೆ &ಎಕ್ಸ್. ಎರಡೂ ಬೇರೆ ಬೇರೆ ಬಂದವು. ಎಕ್ಸ್ ಎನ್ನುವುದು ಎ ಅಲ್ಲ, 5 ಎಂಬ ಬೆಲೆಯನ್ನು ಬರೆದುಕೊಂಡ ಇನ್ನೊಂದು ಜಾಗ ಎನ್ನುವುದು ತೆರೆಯ ಮೇಲೆಯೇ ಕಂಡಿತು.

ಆಮೇಲೆ ಅದೇ ಫಂಕ್ಷನ್ ಪಿ, ಕ್ಯೂ ಎಂಬ ಎರಡು ಪಾಯಿಂಟರ್ ತೆಗೆದುಕೊಳ್ಳುವಂತೆ ಬದಲಿಸಿ, ಮೇನ್‌ನಿಂದ &ಎ, &ಬಿ ಕಳಿಸಿದೆ. ಈಗ ಫಂಕ್ಷನ್ ಒಳಗಿನ ಪಿ ಹೊತ್ತಿರುವ ಬೆಲೆಯೂ ಮೇನ್‌ನ &ಎ ಕೂಡ ಅಕ್ಷರಶಃ ಒಂದೇ. ಅದಲುಬದಲು ಕೆಲಸ ಮಾಡಿತು. ಹೆಚ್ಚಿನವರು ಇಲ್ಲಿಗೇ ನಿಲ್ಲುತ್ತಾರೆ. ನಿಲ್ಲಬಾರದು. ಇನ್ನೊಂದು ಸಾಲು ಸೇರಿಸಿ &ಪಿಯನ್ನೂ ಪ್ರಿಂಟ್ ಮಾಡಿ: ಪಾಯಿಂಟರ್‌ಗೂ ತನ್ನದೇ ಜಾಗ, ತನ್ನದೇ ಅಡ್ರೆಸ್ ಇದೆ. ಅಂದರೆ ಪಾಯಿಂಟರ್ ಕೂಡ ಕಾಪಿಯೇ. ಫಂಕ್ಷನ್ ಒಳಗೆ ಪಿಗೆ ಬೇರೆ ಅಡ್ರೆಸ್ ಕೊಟ್ಟರೆ, ಇಲ್ಲವೇ ನಲ್ (ಎಲ್ಲಿಗೂ ತೋರಿಸದಂತೆ) ಮಾಡಿದರೆ, ಮೇನ್‌ನಲ್ಲಿರುವ ಪಾಯಿಂಟರ್ ಕದಲುವುದಿಲ್ಲ. *ಪಿ ಮೂಲಕ ಬರೆದದ್ದು ಮಾತ್ರ ಆಚೆ ತಲುಪುತ್ತದೆ. ಕರೆದವರ ಪಾಯಿಂಟರನ್ನೇ ಬದಲಿಸಬೇಕೆಂದರೆ ಆ ಪಾಯಿಂಟರ್‌ನ ಅಡ್ರೆಸ್ ಕಳಿಸಬೇಕು. ಎರಡು ನಕ್ಷತ್ರದ ಪಾಯಿಂಟರ್ ಎಂದು ಎಲ್ಲರೂ ಹೆದರುವುದು ಇದಕ್ಕೇ. ಅದಲುಬದಲಿನ ನಿಯಮವೇ ಇಲ್ಲಿ ಒಂದು ಮೆಟ್ಟಿಲು ಮೇಲೆ ಹೋಗಿದೆ, ಅಷ್ಟೆ.

ಸ್ಕ್ಯಾನ್‌ಎಫ್‌ನ ಅರ್ಧ ಗುಟ್ಟು ಇಲ್ಲಿ ಬಯಲಾಯಿತು: ಅದೂ ಒಂದು ಫಂಕ್ಷನ್, ನಮ್ಮ ವೇರಿಯಬಲ್‌ಗೆ ಬರೆಯಬೇಕಾದರೆ ಅದಕ್ಕೆ ಅಡ್ರೆಸ್ ಬೇಕು. ಉಳಿದರ್ಧ ಅರೇಯಲ್ಲಿದೆ.

ಐದು ಪೂರ್ಣಾಂಕಗಳ ಅರೇಯನ್ನು ಫಂಕ್ಷನ್‌ಗೆ ಕಳಿಸಿ, ಒಳಗೆ ಒಂದು ಬೆಲೆ ಬದಲಿಸಿದರೆ ಮೇನ್‌ನಲ್ಲೂ ಬದಲಾಗಿಬಿಡುತ್ತದೆ. & ಹಾಕಿಲ್ಲ, ಆದರೂ ಕಾಪಿ ಆಗಲಿಲ್ಲ. ನಿಯಮ ಮುರಿದಂತೆ ಕಾಣುತ್ತದೆ, ಮುರಿದಿಲ್ಲ. ಅರೇಯ ಹೆಸರನ್ನು ಲೆಕ್ಕದಲ್ಲೋ ಫಂಕ್ಷನ್ ಕರೆಯಲ್ಲೋ ಬಳಸಿದಾಗ ಸಿ ಅದನ್ನು ಮೊದಲ ಎಲಿಮೆಂಟ್‌ನ ಅಡ್ರೆಸ್ ಆಗಿ ಮಾರ್ಪಡಿಸುತ್ತದೆ. ಕಾಪಿಯಾಗುವುದು ಆ ಅಡ್ರೆಸ್. ಸ್ಕ್ಯಾನ್‌ಎಫ್‌ಗೆ ಕ್ಯಾರೆಕ್ಟರ್ ಅರೇ ಕೊಡುವಾಗ & ಬೇಡವಾದದ್ದು ಇದಕ್ಕೇ. ಇದನ್ನೂ ಕಣ್ಣಾರೆ ನೋಡಬಹುದು. ಮೇನ್‌ನಲ್ಲಿ ಅರೇಯ ಸೈಜ್‌ಆಫ್ (ಎಷ್ಟು ಬೈಟ್ ಎಂಬ ಅಳತೆ) ಪ್ರಿಂಟ್ ಮಾಡಿದರೆ 20 ಬರುತ್ತದೆ, ಅಂದರೆ 4 ಬೈಟ್‌ನ ಐದು ಪೂರ್ಣಾಂಕ. ಫಂಕ್ಷನ್ ಒಳಗೆ ಅದೇ ಪ್ಯಾರಾಮೀಟರ್‌ನ ಸೈಜ್‌ಆಫ್ ಕೇಳಿದರೆ 64 ಬಿಟ್ ಯಂತ್ರದಲ್ಲಿ 8. ಚೌಕ ಬ್ರಾಕೆಟ್ ಹಾಕಿ ಬರೆದಿದ್ದರೂ ಆ ಪ್ಯಾರಾಮೀಟರ್ ಪಾಯಿಂಟರೇ. ಜಿಸಿಸಿ ಕಂಪೈಲರ್ ಈ ಜಾಗದಲ್ಲಿ ವಾರ್ನಿಂಗ್ ಕೊಡುತ್ತದೆ, ಅದನ್ನು ತಳ್ಳಿಹಾಕದೆ ಓದಿ. ಅರೇ ಜತೆಗೆ ಅದರ ಉದ್ದವನ್ನೂ ಇನ್ನೊಂದು ಆರ್ಗ್ಯುಮೆಂಟ್ ಆಗಿ ಯಾಕೆ ಕಳಿಸುತ್ತಾರೆ ಎಂಬುದಕ್ಕೆ ಉತ್ತರ ಈ 20 ಮತ್ತು 8ರ ನಡುವೆ ಇದೆ.

ಸಿ ಹೀಗಿರುವುದಕ್ಕೆ ಒಂದು ಇತಿಹಾಸವಿದೆ, ಅದು ತಿಳಿದ ಮೇಲೆ ನನಗೆ ಈ ವಿಷಯದ ಮೇಲೆ ಪ್ರೀತಿಯೇ ಹುಟ್ಟಿತು. ಬೆಲ್ ಲ್ಯಾಬ್ಸ್‌ನಲ್ಲಿ ಡೆನ್ನಿಸ್ ರಿಚಿ 1972ರ ಸುಮಾರಿಗೆ ಸಿ ರೂಪಿಸುವ ಮುಂಚೆ ‘ಬಿ’ ಎಂಬ ಭಾಷೆ ಇತ್ತು. ಅದರಲ್ಲಿ ಅರೇ ಡಿಕ್ಲೇರ್ ಮಾಡಿದರೆ ಎಲಿಮೆಂಟ್‌ಗಳ ಜಾಗವಲ್ಲದೆ, ಅವುಗಳ ಅಡ್ರೆಸ್ ಹಿಡಿದುಕೊಳ್ಳಲು ಒಂದು ಪ್ರತ್ಯೇಕ ಜಾಗವೂ ಮೀಸಲಾಗುತ್ತಿತ್ತು. ಆಗಿನ ಯುನಿಕ್ಸ್ ಆಪರೇಟಿಂಗ್ ಸಿಸ್ಟಂನ ಡೈರೆಕ್ಟರಿಯಲ್ಲಿ ಒಂದೊಂದು ದಾಖಲೆಯೂ ಒಂದು ಸಂಖ್ಯೆ ಮತ್ತು 14 ಅಕ್ಷರಗಳ ಹೆಸರಾಗಿತ್ತು. ಅದನ್ನು ಸ್ಟ್ರಕ್ಚರ್ (ಬೇರೆ ಬೇರೆ ಬೆಲೆಗಳ ಒಂದೇ ಕಟ್ಟು) ಆಗಿ ಬರೆಯಲು ಹೋದರೆ ಆ ಹೆಚ್ಚುವರಿ ಪಾಯಿಂಟರನ್ನು ಎಲ್ಲಿ ಇಡುವುದು? ರಿಚಿ ಆ ಜಾಗವನ್ನೇ ತೆಗೆದುಹಾಕಿದರು. ಅರೇ ಎಂದರೆ ಎಲಿಮೆಂಟ್‌ಗಳು ಮಾತ್ರ, ಹೆಸರು ಬಳಸಿದಾಗಷ್ಟೇ ಪಾಯಿಂಟರ್ ಹುಟ್ಟುತ್ತದೆ. ಹೊಸಬರನ್ನು ಇಷ್ಟು ಕಾಡುವ ನಿಯಮ ಹುಟ್ಟಿದ್ದು ಅಷ್ಟು ಸರಳವಾದ ಅಗತ್ಯದಿಂದ.

ಮುಂದಿನದು ಅಡ್ರೆಸ್ ಲೆಕ್ಕ. ಐದು ಎಲಿಮೆಂಟ್‌ಗಳ ಅಡ್ರೆಸ್‌ಗಳನ್ನು ಸಾಲಾಗಿ ಪ್ರಿಂಟ್ ಮಾಡಿದಾಗ ನನ್ನ ತೆರೆಯ ಮೇಲೆ ಕೊನೆಯ ಎರಡು ಸ್ಥಾನ ಹೀಗಿತ್ತು: 40, 44, 48, 4ಸಿ, 50. ಹದಿನಾರರ ಲೆಕ್ಕವಾದ್ದರಿಂದ 48ರ ನಂತರ 4ಸಿ. ಪ್ರೋಗ್ರಾಂ ಮತ್ತೆ ಓಡಿಸಿದರೆ ಅಡ್ರೆಸ್‌ಗಳೇ ಬದಲಾಗಬಹುದು, 4ರ ಅಂತರ ಮಾತ್ರ ಬದಲಾಗುವುದಿಲ್ಲ. ಪಿ+1 ಎಂದರೆ ಒಂದು ಬೈಟ್ ಮುಂದೆ ಅಲ್ಲ, ಒಂದು ಎಲಿಮೆಂಟ್ ಮುಂದೆ. ಎಷ್ಟು ಬೈಟ್ ಎಂಬುದನ್ನು ಟೈಪ್ ನಿರ್ಧರಿಸುತ್ತದೆ. ಈಗ ಅರೇಯ ಹೆಸರೇ ಎ ಎಂದುಕೊಂಡರೆ, ಎ[2] ಎನ್ನುವುದು *(ಎ+2) ಎಂಬುದರ ಇನ್ನೊಂದು ಬರವಣಿಗೆ, ಅಷ್ಟೇ. 2[ಎ] ಎಂದು ತಿರುಗಿಸಿ ಬರೆದರೂ ಕಂಪೈಲರ್ ಒಪ್ಪುತ್ತದೆ. ಪ್ರೋಗ್ರಾಂನಲ್ಲಿ ಹಾಗೆ ಬರೆಯಬೇಡಿ, ಆದರೆ ಒಮ್ಮೆ ಪ್ರಯೋಗ ಮಾಡಿ ನೋಡಿ. ಇಂಡೆಕ್ಸ್ ಸೊನ್ನೆಯಿಂದ ಯಾಕೆ ಶುರುವಾಗುತ್ತದೆ ಎನ್ನುವುದೂ ಇಲ್ಲೇ ಇದೆ: ಮೊದಲ ಎಲಿಮೆಂಟ್ ಆರಂಭದಿಂದ ಸೊನ್ನೆ ದೂರದಲ್ಲಿದೆ.

ಎ ಮತ್ತು &ಎ ಎರಡನ್ನೂ ಪ್ರಿಂಟ್ ಮಾಡಿದರೆ ಒಂದೇ ಸಂಖ್ಯೆ ಬರುತ್ತದೆ. ಹಾಗೆಂದು ಎರಡೂ ಒಂದೇ ಅಲ್ಲ. ಎ+1 ನಾಲ್ಕು ಬೈಟ್ ಮುಂದೆ ಹೋದರೆ, &ಎ+1 ಇಡೀ ಅರೇಯನ್ನು ದಾಟಿ 20 ಬೈಟ್ ಮುಂದೆ ಹೋಗುತ್ತದೆ. ಸೈಜ್‌ಆಫ್ ಮತ್ತು & ಇದ್ದಲ್ಲಿ ಅರೇ ಅರೇಯಾಗಿಯೇ ಉಳಿಯುತ್ತದೆ.

ಫಂಕ್ಷನ್‌ನಿಂದ ಅರೇ ಹಿಂತಿರುಗಿಸುವ ಬಗ್ಗೆ ಒಂದು ಮಾತು. ಒಳಗೆ ಡಿಕ್ಲೇರ್ ಮಾಡಿದ ಸಾಮಾನ್ಯ ಲೋಕಲ್ ಅರೇಯ ಆಯುಸ್ಸು ಫಂಕ್ಷನ್ ಮುಗಿಯುವ ತನಕ ಮಾತ್ರ. ಅದರ ಅಡ್ರೆಸ್ ಹಿಂತಿರುಗಿಸಿದರೆ ಕೆಲವೊಮ್ಮೆ ಸರಿಯಾದ ಉತ್ತರವೇ ಬಂದೀತು, ಅದನ್ನು ನಂಬಲೇಬಾರದು. ನಾನು ರೂಢಿಸಿಕೊಂಡ ಕ್ರಮವೆಂದರೆ ಅರೇಯನ್ನು ಕರೆಯುವವರೇ ಮಾಡಿ ಕಳಿಸುವುದು, ಫಂಕ್ಷನ್ ಅದನ್ನು ತುಂಬುವುದು. ಒಂದು ಸಾಲು ಓದಿಕೊಳ್ಳುವ ಎಫ್‌ಗೆಟ್ಸ್ ಇರುವುದೂ ಹೀಗೆಯೇ: ಜಾಗ ನಮ್ಮದು, ಅಳತೆಯನ್ನು ನಾವೇ ಹೇಳುತ್ತೇವೆ. ಸ್ಟ್ರಿಂಗ್‌ನ ಉದ್ದ ಎಣಿಸುವ ಸ್ಟ್ರ್‌ಲೆನ್‌ಗೆ ಅಳತೆ ಹೇಳಬೇಕಿಲ್ಲ, ಏಕೆಂದರೆ ಸ್ಟ್ರಿಂಗ್ ಕೊನೆಯ ಸೊನ್ನೆ ಬೈಟ್ ಸಿಗುವ ತನಕ ಅದೇ ಎಣಿಸಿಕೊಂಡು ಹೋಗುತ್ತದೆ. ಲೈಬ್ರರಿ ಫಂಕ್ಷನ್‌ಗಳ ಡಿಕ್ಲರೇಶನ್‌ಗಳನ್ನು ಹೀಗೆ ಓದಲು ಬಂದಾಗ ನನಗೆ ಧೈರ್ಯ ಬಂತು.

ಎರಡು ಆಯಾಮದ ಅರೇಗೆ ಬಂದಾಗಲೂ ಇದೇ ಲೆಕ್ಕ ಕೈಹಿಡಿಯಿತು. 3 ಸಾಲು, 4 ಕಾಲಂ ಇರುವ ಅರೇಯನ್ನು ಫಂಕ್ಷನ್ ತೆಗೆದುಕೊಳ್ಳುವಾಗ ಮೊದಲ ಬ್ರಾಕೆಟ್ ಖಾಲಿ ಬಿಡಬಹುದು, ಎರಡನೆಯದರಲ್ಲಿ 4 ಇರಲೇಬೇಕು. ಐನೇ ಸಾಲಿನ ಜೆನೇ ಎಲಿಮೆಂಟ್ ಆರಂಭದಿಂದ ಐ×4+ಜೆ ದೂರದಲ್ಲಿದೆ. ಆ 4 ಗೊತ್ತಿಲ್ಲದೆ ಕಂಪೈಲರ್ ಮುಂದಿನ ಸಾಲಿಗೆ ಹೋಗಲಾರದು, ಸಾಲುಗಳು ಒಟ್ಟು ಎಷ್ಟು ಎನ್ನುವುದು ಈ ಲೆಕ್ಕದಲ್ಲಿ ಎಲ್ಲೂ ಬರುವುದಿಲ್ಲ.