ಪ್ಯಾರಿಸಿಗೆ ಬಂದ ಟಿಪ್ಪುವಿನ ದೂತರು: ಜೆಫರ್ಸನ್ ಕಾಗದಗಳಲ್ಲಿ ಹುಡುಕುವುದು ಹೇಗೆ?

ಮುಂದೆ ಅಮೆರಿಕದ ಮೂರನೇ ಅಧ್ಯಕ್ಷರಾದ ಥಾಮಸ್ ಜೆಫರ್ಸನ್ ಬರೆದ ಕಾಗದಗಳು ಸುಮಾರು 19 ಸಾವಿರ. ಮೊದಲಿನಿಂದ ಓದಲು ಕೂತರೆ ಎರಡೇ ದಿನಕ್ಕೆ ಬೇಜಾರು ಬಂದುಬಿಡುತ್ತದೆ. ಹಾಗಾಗಿ ನಮಗೆ ಗೊತ್ತಿರುವ ಒಂದು ಎಳೆ ಹಿಡಿದು ಒಳಗೆ ಹೋಗುವುದೇ ವಾಸಿ. 1788ರಲ್ಲಿ ಟಿಪ್ಪು ಸುಲ್ತಾನನ ಮೂವರು ದೂತರು ಪ್ಯಾರಿಸಿಗೆ ಬಂದಿದ್ದರು. ಆಗ ಅಲ್ಲಿ ಅಮೆರಿಕದ ರಾಯಭಾರಿ ಇದೇ ಜೆಫರ್ಸನ್!

ಮೊದಲು 'ಫೌಂಡರ್ಸ್ ಆನ್‌ಲೈನ್' ತಾಣ ತೆರೆಯಿರಿ. ಇದು ಅಮೆರಿಕದ ರಾಷ್ಟ್ರೀಯ ಪತ್ರಾಗಾರದ್ದು. ದುಡ್ಡು ಕಟ್ಟಬೇಕಿಲ್ಲ.

ಈಗ ಹುಡುಕಾಟ. ಟಿಪ್ಪುವಿನ ಹೆಸರನ್ನು ಇಂದಿನ ಇಂಗ್ಲಿಷ್ ಸ್ಪೆಲ್ಲಿಂಗ್‌ನಲ್ಲಿ ಹಾಕಿದರೆ ಆ ಕಾಲದ ಕಾಗದ ಸಿಗುವುದು ಕಷ್ಟ. ಟಿ, ಐ, ಎರಡು ಪಿ, ಎರಡು ಓ ಎಂದು ಟೈಪ್ ಮಾಡಿ. ಆಗಿನವರು ಬರೆಯುತ್ತಿದ್ದದ್ದು ಹಾಗೆ. ಬರೆದವರ ಜಾಗದಲ್ಲಿ ಜೆಫರ್ಸನ್ ಹೆಸರು ಆರಿಸಿದರೆ ಪಟ್ಟಿ ಚಿಕ್ಕದಾಗುತ್ತದೆ.

1788ರ ಆಗಸ್ಟ್‌ನಲ್ಲಿ ಜಾನ್ ಜೇಗೆ ಬರೆದದ್ದನ್ನು ತೆರೆಯಿರಿ. ಅಮೆರಿಕದ ವಿದೇಶ ವ್ಯವಹಾರ ನೋಡಿಕೊಳ್ಳುತ್ತಿದ್ದವರು ಈ ಜೇ. ಟಿಪ್ಪುವಿನ ರಾಯಭಾರಿಗಳು ಬಂದಿದ್ದಾರೆ, ಆಡಂಬರ ಬಿಟ್ಟು ಬೇರೇನಾದರೂ ಉದ್ದೇಶ ಇದ್ದರೆ ಇನ್ನೂ ತಿಳಿದಿಲ್ಲ ಎನ್ನುತ್ತಾರೆ ಜೆಫರ್ಸನ್. ಅಷ್ಟೇ! ಬ್ರಿಟಿಷರ ವಿರುದ್ಧ ಫ್ರೆಂಚರ ನೆರವು ಕೇಳಲು ಮೈಸೂರಿನಿಂದ ಅಷ್ಟು ದೂರ ಹೋದವರ ಬಗ್ಗೆ ಇಷ್ಟೇನಾ ಅನ್ನಿಸುತ್ತದೆ, ಅಲ್ವಾ? ಆದರೆ ಇದು ಮೇಲಿನವರಿಗೆ ಹೋಗುವ ವರದಿ. ಖಚಿತವಿಲ್ಲದ್ದನ್ನು ಅಳೆದು ತೂಗಿಯೇ ಬರೆಯಬೇಕು.

ನಂತರ ತಾರೀಕು ನೋಡಿ. ಫ್ರಾನ್ಸಿನ ದೊರೆ ಹದಿನಾರನೇ ಲೂಯಿ ವರ್ಸೈಲ್ಸ್ ಅರಮನೆಯಲ್ಲಿ ದೂತರನ್ನು ಭೇಟಿಯಾದದ್ದು ಆಗಸ್ಟ್ 10ರಂದು. ಕಾಗದ ಅದಕ್ಕಿಂತ ಮೊದಲಿನದೋ ಆಮೇಲಿನದೋ ನೋಡಿದರೆ ಸಾಲಿನ ಅರ್ಥವೇ ಬದಲಾಗುತ್ತದೆ. ಹಡಗಿನಲ್ಲಿ ಅಟ್ಲಾಂಟಿಕ್ ದಾಟಲು ವಾರಗಟ್ಟಲೆ ಬೇಕಿತ್ತು ಎಂಬುದೂ ತಲೆಯಲ್ಲಿರಲಿ. ಜೇ ಓದುವಷ್ಟರಲ್ಲಿ ಸುದ್ದಿ ಹಳಸಿರುತ್ತಿತ್ತು.

ಕೆಳಗಿನ ಟಿಪ್ಪಣಿ ಬಿಡಬೇಡಿ. 'ಆರ್‌ಸಿ' ಎಂದಿದ್ದರೆ ಪಡೆದವರ ಕೈಗೆ ಹೋದ ಪ್ರತಿ. 'ಪಿಆರ್‌ಸಿ' ಎಂದರೆ ಜೆಫರ್ಸನ್ ತಮಗಾಗಿ ಯಂತ್ರದಲ್ಲಿ ಒತ್ತಿಟ್ಟುಕೊಂಡ ನಕಲು. ಒದ್ದೆ ಮಾಡಿದ ತೆಳು ಹಾಳೆಯನ್ನು ಹಸಿ ಶಾಯಿಯ ಮೇಲಿಟ್ಟು ಒತ್ತುವುದು. ನಮ್ಮ ಕಾರ್ಬನ್ ಕಾಪಿಯ ದೊಡ್ಡಜ್ಜ ಅನ್ನಿ.

ಇನ್ನೂ ಸಮಯವಿದ್ದರೆ ಅದೇ ವರ್ಷ ಗೆಳೆಯ ಜೇಮ್ಸ್ ಮ್ಯಾಡಿಸನ್‌ಗೆ ಬರೆದ ಕಾಗದಗಳನ್ನೂ ತೆಗೆಯಿರಿ. ಇಬ್ಬರೂ ಗುಟ್ಟಿನ ಮಾತನ್ನು ಅಂಕಿಗಳ ಸಂಕೇತದಲ್ಲಿ ಬರೆದುಕೊಳ್ಳುತ್ತಿದ್ದರು. ಅಚ್ಚಿನಲ್ಲಿ ಓರೆ ಅಕ್ಷರ ಕಂಡರೆ ಸುಮ್ನೆ ದಾಟಬೇಡಿ. ಅದು ಸಂಕೇತ ಬಿಡಿಸಿದ ಭಾಗವೇ ಎಂದು ಟಿಪ್ಪಣಿಯಲ್ಲಿ ನೋಡಿಕೊಳ್ಳಿ.