ಬಣ್ಣದ ಭಾಗಗಳ ನಡುವೆ ಇಣುಕುತ್ತಿದ್ದ ಬಿಳಿಗೆರೆ: ನನ್ನ ಅನುಭವ

12 ಇಂಚು ಚದರದ ಸ್ಕ್ರ್ಯಾಪ್‌ಬುಕ್ (ಛಾಯಾಚಿತ್ರಗಳನ್ನು ಅಂಟಿಸಿ ಅಲಂಕರಿಸುವ ಪುಸ್ತಕ) ಪುಟವನ್ನು ಅಲೆಯಾಕಾರದ ಟೆಂಪ್ಲೇಟ್‌ನಿಂದ (ಕತ್ತರಿಸಲು ಬಳಸುವ ಅಚ್ಚುಪಟ್ಟಿ) ಎರಡು ಬಣ್ಣಗಳಲ್ಲಿ ರೂಪಿಸುವಾಗ, ಬೇರೆ ಬೇರೆಯಾಗಿ ಕತ್ತರಿಸಿದ ಕಾಗದಗಳ ಅಂಚುಗಳು ಕೂಡದೆ, ನಡುವೆ ತಳದ ಹಾಳೆ ಬಿಳಿಗೆರೆಯಾಗಿ ಕಾಣುತ್ತಿತ್ತು. ಟೆಂಪ್ಲೇಟ್ ಜೊತೆ ನಾನು ಬಳಸುವ ಹಿಡಿಕೆಯುಳ್ಳ ಕಟ್ಟರ್‌ನ ಅಲಗು ಟೆಂಪ್ಲೇಟ್‌ನ ಅಂಚಿಗೆ ಅಂಟಿಕೊಂಡು ಸಾಗುವುದಿಲ್ಲ. ಅದರ ಹಿಡಿಕೆಯ ದಪ್ಪಕ್ಕೆ ತಕ್ಕಷ್ಟು ದೂರದಲ್ಲಿ ಕತ್ತರಿಸುತ್ತದೆ. ಆದ್ದರಿಂದ ಒಂದು ಹಾಳೆಗೆ ಟೆಂಪ್ಲೇಟ್‌ನ ಒಳಅಂಚನ್ನೂ ಇನ್ನೊಂದಕ್ಕೆ ಹೊರಅಂಚನ್ನೂ ಅನುಸರಿಸಿದರೆ ಎರಡು ಬಾಗುಗಳು ಎಂದಿಗೂ ಒಂದಾಗಲಾರವು.

ಎರಡೂ ಬಣ್ಣದ ಹಾಳೆಗಳನ್ನು ಒಂದರ ಮೇಲೊಂದು ಜೋಡಿಸಿ, ಸುಲಭವಾಗಿ ಬಿಡಿಸಬಹುದಾದ ಟೇಪಿನಿಂದ ಮೂಲೆಗಳನ್ನು ಬಂಧಿಸಿ, ಕಟಿಂಗ್ ಮ್ಯಾಟ್ (ಕತ್ತರಿಸುವಾಗ ಅಡಿಗೆ ಹಾಸುವ ಹಾಸು) ಮೇಲೆ ಒಟ್ಟಿಗೇ ಕತ್ತರಿಸಿದಾಗ ಈ ತೊಡಕು ಪೂರ್ತಿಯಾಗಿ ನಿವಾರಣೆಯಾಯಿತು. ಒಂದು ಬಣ್ಣದ ಎಡಭಾಗಕ್ಕೆ ಇನ್ನೊಂದರ ಬಲಭಾಗವನ್ನು ಸೇರಿಸಿದರೆ ಅಂಚುಗಳು ಕೂದಲೆಳೆಯ ಅಂತರವೂ ಇಲ್ಲದೆ ಕೂಡುತ್ತವೆ. ಉಳಿದ ಜೋಡಿಯಿಂದ ಎದುರಿನ ಪುಟವೂ ಸಿದ್ಧವಾಗುತ್ತದೆ, ಇದು ನನಗೆ ಬಹಳ ಇಷ್ಟವಾದ ಲಾಭ.

ಕಾರ್ಡ್‌ಸ್ಟಾಕ್ (ಗಟ್ಟಿ ಕಾಗದ) ದಪ್ಪವಾಗಿದ್ದರೆ ಒಮ್ಮೆಲೇ ಒತ್ತಬಾರದು. ಟೆಂಪ್ಲೇಟನ್ನು ಕದಲಿಸದೆ ಹಗುರವಾಗಿ ಎರಡು ಬಾರಿ ಅಲಗನ್ನು ಓಡಿಸುವುದೇ ಉತ್ತಮ. ಬಣ್ಣಗಳನ್ನು ಛಾಯಾಚಿತ್ರದಿಂದಲೇ ಆರಿಸುತ್ತೇನೆ, ಮೂರಕ್ಕಿಂತ ಹೆಚ್ಚಾದರೆ ಚಿತ್ರವೇ ಮಂಕಾಗುತ್ತದೆ. ಭಾಗಗಳನ್ನು ಮೊದಲು ಅಂಟಿಲ್ಲದೆ ಹೊಂದಿಸಿ ನೋಡಿ, ಬಳಿಕ ಆಮ್ಲರಹಿತ ಅಂಟನ್ನು ಜೋಡಣೆಯ ಅಂಚಿನಿಂದ ಆರಂಭಿಸಿ ಹೊರಕ್ಕೆ ಹಚ್ಚಬೇಕು.