ಪಬ್‌ಮೆಡ್‌ನಲ್ಲಿ ಹುಡುಕುವಾಗ ಜಿಲ್ಲೆಯ ಹಳೆಯ ಹೆಸರನ್ನೂ ಸೇರಿಸಿ

ವಿಜಯಪುರ, ಬಾಗಲಕೋಟೆ ಭಾಗದ ಅಂತರ್ಜಲದ ಫ್ಲೋರೈಡ್ ಕುರಿತು ಪ್ರಬಂಧ ಸಿದ್ಧಪಡಿಸುವ ಸ್ನಾತಕೋತ್ತರ ವಿದ್ಯಾರ್ಥಿಗಳು, ವೈದ್ಯಕೀಯ ಸಂಶೋಧನಾ ಲೇಖನಗಳ ಆನ್‌ಲೈನ್ ಕೋಶವಾದ ಪಬ್‌ಮೆಡ್‌ನಲ್ಲಿ ಸಮಾನಾರ್ಥಕ ಪದಗಳನ್ನು ‘ಆರ್’ (OR) ನಿಂದ ಜೋಡಿಸಿ ಆವರಣದೊಳಗಿರಿಸಿ, ಬೇರೆ ಬೇರೆ ಪರಿಕಲ್ಪನೆಗಳನ್ನು ‘ಆ್ಯಂಡ್’ (AND) ನಿಂದ ಕೂಡಿಸಬೇಕು. ಲೇಖನಗಳ ವಿಷಯ ಸೂಚಿಸಲು ಸೇರಿಸುವ ಪ್ರಮಾಣಿತ ಪದಗಳಾದ ಮೆಶ್ (MeSH) ಪದಗಳನ್ನಷ್ಟೇ ನೆಚ್ಚಬಾರದು. ಅವು ಇನ್ನೂ ಸೇರ್ಪಡೆಯಾಗದ ಲೇಖನಗಳೂ ಇರುವುದರಿಂದ ಶೀರ್ಷಿಕೆ ಮತ್ತು ಸಾರಾಂಶದಲ್ಲೂ ಹುಡುಕಬೇಕು.

ನಮ್ಮ ಜಿಲ್ಲೆಗಳ ಮಟ್ಟಿಗೆ ಊರ ಹೆಸರೇ ಅತಿ ಮುಖ್ಯವೆಂದು ನನ್ನ ಅಭಿಪ್ರಾಯ. ಬಿಜಾಪುರ ವಿಜಯಪುರವೆಂದೂ ಬೆಳಗಾಂ ಬೆಳಗಾವಿಯೆಂದೂ ಅಧಿಕೃತವಾಗಿ ಬದಲಾದದ್ದು 2014ರ ನವೆಂಬರ್‌ನಲ್ಲಿ. ಅದಕ್ಕೂ ಹಿಂದಿನ ಲೇಖನಗಳಲ್ಲಿ ಸಾಮಾನ್ಯವಾಗಿ ಬಿಜಾಪುರ, ಬೆಳಗಾಂ ಎಂದೇ ಇರುವುದರಿಂದ, ಹೊಸ ಹೆಸರನ್ನಷ್ಟೇ ಕೊಟ್ಟರೆ ಹಳೆಯ ಅಧ್ಯಯನಗಳು ಕಣ್ತಪ್ಪುತ್ತವೆ. ಬಾಗಲಕೋಟೆ ಬಿಜಾಪುರದಿಂದ ಬೇರ್ಪಟ್ಟು ಪ್ರತ್ಯೇಕ ಜಿಲ್ಲೆಯಾದದ್ದು 1997ರಲ್ಲಿ. ಆದ್ದರಿಂದ ಈಗ ಬಾಗಲಕೋಟೆ ಜಿಲ್ಲೆಯಲ್ಲಿರುವ ಇಳಕಲ್ಲು, ಬಾದಾಮಿಗಳ ಹಿಂದಿನ ಮಾಹಿತಿಯನ್ನು ಬಿಜಾಪುರ ಜಿಲ್ಲೆಯ ಹೆಸರಿನಲ್ಲಿಯೂ ಅರಸಬೇಕು. ಛತ್ತೀಸ್‌ಗಢದಲ್ಲಿಯೂ ಬಿಜಾಪುರವಿದೆ, ಸಾರಾಂಶದಲ್ಲಿ ರಾಜ್ಯದ ಹೆಸರನ್ನು ಪರಿಶೀಲಿಸಿಯೇ ಲೇಖನವನ್ನು ಆರಿಸಿಕೊಳ್ಳಿ.